ಗುಂಡಿಗೆ ಬಿದ್ದರೆ ಗಡಗಡ ನಡುಗುತ್ತಿದ್ದ ಭಾವನ ಜೀಪು

ಶಿವಮೊಗ್ಗದಿಂದ ತೀರ್ಥಹಳ್ಳಿಗೆ ಬರುವಾಗ, ಮಂಡಗದ್ದೆ ದಾಟಿದ ಮೇಲೆ, ಒಂದು ಮೋರಿಯ ಮೇಲೆ ಡಾಂಬರು ಕುಸಿದು ಎಡಗಡೆ ಅಡ್ಡ ಗುಂಡಿಯಾಗಿತ್ತು. ಆವತ್ತು ಸಂಜೆ ಜೀಪು 50ರ ಆಸುಪಾಸಿನಲ್ಲಿ ಹೋಗುತ್ತಿತ್ತು. ಎಡಗಡೆಯ ಮುಂದಿನ ಗಾಲಿ ಗುಂಡಿಗೆ ಬಿದ್ದು ಎದ್ದಿತು, ಅಷ್ಟೆ. ಸ್ಟೇರಿಂಗ್ ಯಾರೋ ಕೈಯಿಂದ ಕಿತ್ತುಕೊಳ್ಳುವ ಹಾಗೆ ಎಡಕ್ಕೂ ಬಲಕ್ಕೂ ಹೊಡೆದುಕೊಳ್ಳಲು ಶುರುವಾಯಿತು. ಬಾನೆಟ್ಟು, ಮಡ್‌ಗಾರ್ಡು, ಗಾಜು, ಕೂತ ಸೀಟು ಎಲ್ಲಾ ಗಡಗಡ. ಹಿಂದೆ ಅಕ್ಕ, ಅಕ್ಕನ ಮಡಿಲಲ್ಲಿ ಮಗು. ರಸ್ತೆ ಪಕ್ಕದಲ್ಲೇ ತುಂಗೆ. ಭಾವ ಗಾಬರಿಯಲ್ಲಿ ಬ್ರೇಕ್ ಒತ್ತಿದರು, ನಡುಕ ಇನ್ನೂ ಜಾಸ್ತಿಯಾಯಿತು. ಕೊನೆಗೆ ಬ್ರೇಕನ್ನೂ ಆಕ್ಸಿಲರೇಟರನ್ನೂ ಬಿಟ್ಟು ಗಾಡಿ ತಾನಾಗಿ 25ಕ್ಕೆ ಇಳಿದ ಮೇಲೆ, ಏನೂ ಆಗಿಯೇ ಇಲ್ಲವೆನ್ನುವ ಹಾಗೆ ನಡುಕ ನಿಂತುಬಿಟ್ಟಿತು.

ಇದು ಮೊದಲ ಸಲವಲ್ಲ. ನಾಲ್ಕು ತಿಂಗಳಲ್ಲಿ ಐದನೇ ಸಲ. ಆ ನಾಲ್ಕು ತಿಂಗಳಲ್ಲಿ ಒಂದರ ಮೇಲೊಂದು ಪಾರ್ಟು ಬದಲಾಗಿತ್ತು, ನಡುಕ ಮಾತ್ರ ಹೋಗಿರಲಿಲ್ಲ. ಹಳೇ ಜೀಪು ಇಟ್ಟುಕೊಂಡವರು ಮಲೆನಾಡಿನಲ್ಲಿ ಇನ್ನೂ ಎಷ್ಟೋ ಜನ ಇದ್ದಾರೆ, ಅವರಲ್ಲಿ ಒಬ್ಬರಿಗಾದರೂ ಇದು ಉಪಯೋಗಕ್ಕೆ ಬರಲಿ ಅಂತ ನಾವು ಏನು ಮಾಡಿದೆವು, ಎಲ್ಲಿ ತಪ್ಪಿದೆವು, ಕೊನೆಗೆ ಏನು ಸಿಕ್ಕಿತು ಎಲ್ಲವನ್ನೂ ಬರೆಯುತ್ತಿದ್ದೇನೆ.

ಗಾಡಿ ಯಾವುದು ಅಂತ ಮೊದಲು ಹೇಳುತ್ತೇನೆ. 1990ರ ದಶಕದ ಫೋರ್ ವೀಲ್ ಡ್ರೈವ್ ಜೀಪು, ಡೀಸೆಲ್, ಪವರ್ ಸ್ಟೇರಿಂಗ್ ಇಲ್ಲ. ಮೂಲ ಅಮೆರಿಕದ ವಿಲ್ಲಿಸ್ ಜೀಪಿನದು. 1940ರ ದಶಕದ ಕೊನೆಯಲ್ಲಿ ಮಹೀಂದ್ರದವರು ಬಾಂಬೆಯಲ್ಲಿ ಅದನ್ನು ಜೋಡಿಸಲು ಶುರು ಮಾಡಿದರು. ಆಮೇಲೆ ಇಂಜಿನ್ ಬದಲಾದರೂ ಅಡಿಯ ವಿನ್ಯಾಸ ದಶಕಗಟ್ಟಲೆ ಹಾಗೇ ಉಳಿದುಕೊಂಡು ಬಂತು. ಮುಂದೆ ಗಟ್ಟಿ ಆಕ್ಸಲ್, ಕೆಳಗೆ ಪ್ಲೇಟು ಅಂದರೆ ಪಟ್ಟಿ ಸ್ಪ್ರಿಂಗು, ಗಾಲಿ ಎಡಕ್ಕೂ ಬಲಕ್ಕೂ ತಿರುಗುವ ಕೀಲಿನಲ್ಲಿ ಕಿಂಗ್ ಪಿನ್ ಬೇರಿಂಗು. ಕೊಡಚಾದ್ರಿಗೆ ಜನರನ್ನು ಹತ್ತಿಸುವ ಜೀಪುಗಳನ್ನು ನೋಡಿದವರಿಗೆ ಈ ಗಾಡಿಗಳ ತಾಕತ್ತು ಗೊತ್ತೇ ಇರುತ್ತದೆ. ಭಾವನ ಜೀಪಿಗೆ ಅಷ್ಟು ಕಷ್ಟದ ಕೆಲಸವಿಲ್ಲ. ತೋಟದಿಂದ ಅಡಿಕೆ ಗೊನೆ ತರುವುದು, ಗೊಬ್ಬರ ಹೊರುವುದು, ಮಳೆಗಾಲದಲ್ಲಿ ಮನೆ ಮುಂದಿನ ಹಳ್ಳ ದಾಟುವುದು. ಆ ಹಳ್ಳದ ವಿಷಯ ನೆನಪಿಟ್ಟುಕೊಳ್ಳಿ, ಮುಂದೆ ಬರುತ್ತದೆ.

ನಾಲ್ಕು ತಿಂಗಳಲ್ಲಿ ಆಗಿದ್ದೇನು? ಮೊದಲು ಬ್ಯಾಲೆನ್ಸಿಂಗ್ ಮತ್ತು ಅಲೈನ್‌ಮೆಂಟ್ ಮಾಡಿಸಿದರು. ಹದಿನೈದು ದಿನ ಆರಾಮಿತ್ತು, ಮತ್ತೆ ಶುರು. ಆಮೇಲೆ ಮುಂದಿನ ಎರಡು ಟಯರು. ಆಮೇಲೆ ಟೈ ರಾಡ್ ಎಂಡುಗಳು, ಅಂದರೆ ಮುಂದಿನ ಎರಡು ಗಾಲಿಗಳನ್ನು ಜೋಡಿಸುವ ರಾಡಿನ ತುದಿಯ ಕೀಲುಗಳು. ಕೊನೆಗೆ ಒಂದು ಗ್ಯಾರೇಜಿನಲ್ಲಿ ಸ್ಟೇರಿಂಗ್ ಡ್ಯಾಂಪರ್ ಹಾಕಿದರು. ಅಂದರೆ ಟೈ ರಾಡಿಗೂ ಆಕ್ಸಲಿಗೂ ನಡುವೆ ಅಡ್ಡ ಕೂರಿಸುವ ಒಂದು ಸಣ್ಣ ಶಾಕ್ ಅಬ್ಸಾರ್ಬರ್. ಡ್ಯಾಂಪರ್ ಹಾಕಿದ ಮೇಲೆ ಒಂದೂವರೆ ತಿಂಗಳು ಗಾಡಿ ಸುಮ್ಮನಿತ್ತು, ಭಾವನಿಗೂ ಧೈರ್ಯ ಬಂತು, ಅಕ್ಕ ಮಗುವನ್ನು ಕೂರಿಸಿಕೊಂಡು ಶಿವಮೊಗ್ಗಕ್ಕೆ ಹೋಗಿ ಬಂದರು. ಬರುವಾಗಲೇ ಆ ಮೋರಿ.

ಡ್ಯಾಂಪರ್ ಬಗ್ಗೆ ನನಗೆ ಸಿಟ್ಟಿದೆ. ಅದು ಕೆಟ್ಟ ಸಾಮಾನು ಅಂತಲ್ಲ. ಎಲ್ಲ ಸರಿಯಿರುವ ಗಾಡಿಗೆ ಹಾಕಿದರೆ ಒಳ್ಳೆಯದೇ. ಆದರೆ ಎಲ್ಲೋ ಸಡಿಲವಿರುವ ಗಾಡಿಗೆ ಹಾಕಿದರೆ ಅದು ಜ್ವರಕ್ಕೆ ಮಾತ್ರೆ ನುಂಗಿದ ಹಾಗೆ. ಜ್ವರ ಇಳಿಯುತ್ತದೆ, ಒಳಗಿನ ಗಾಯ ಬೆಳೆಯುತ್ತಲೇ ಇರುತ್ತದೆ. ನಮ್ಮ ಗಾಡಿಯಲ್ಲಿ ಆಗಿದ್ದೂ ಅದೇ.

ದಸರಾ ಕಳೆದ ಮೇಲೆ ಒಂದು ಭಾನುವಾರ ಅವರ ಮನೆ ಅಂಗಳದಲ್ಲಿ ಗಾಡಿ ನಿಲ್ಲಿಸಿಕೊಂಡೆವು. ಕೊಯ್ಲು ಶುರುವಾದರೆ ಅಂಗಳ ಅಡಿಕೆಗೆ ಹೋಗುತ್ತದೆ, ಅದಕ್ಕೆ ಮುಂಚೆ ಮುಗಿಸಬೇಕಿತ್ತು. ನಾನು, ಭಾವ, ಜೊತೆಗೆ ಊರಿನ ಒಬ್ಬ ಹಿರಿಯ ಮೇಸ್ತ್ರಿ. ಅವರಿಗೆ ಎಪ್ಪತ್ತರ ಹತ್ತಿರ ವಯಸ್ಸು, ಕೆಲಸ ಬಿಟ್ಟು ಮನೆಯಲ್ಲಿದ್ದವರು. ಜೀಪು ಅಂದ ತಕ್ಷಣ ಬಂದರು.

"ಮೊದ್ಲು ಆ ಡ್ಯಾಂಪರ್ ಬಿಚ್ಚಿ ಕೆಳಗಿಡು ಮಾರಾಯ" ಅಂದರು. "ಅದು ಇದ್ರೆ ಗಾಡಿ ನಿಜ ಹೇಳಲ್ಲ."

ಬಿಚ್ಚಿದೆವು.

ಮುಂದಿನ ಪರೀಕ್ಷೆಗೆ ಮುಂಚೆ ನಡುಕದ ಜಾತಿ ಯಾವುದು ಅಂತ ತೀರ್ಮಾನಿಸಬೇಕು. ಇಲ್ಲೇ ಜಾಸ್ತಿ ಜನ ದಾರಿ ತಪ್ಪುವುದು. ಟಯರ್ ಬ್ಯಾಲೆನ್ಸ್ ಇಲ್ಲದಿದ್ದರೆ, ನುಣುಪಾದ ರಸ್ತೆಯಲ್ಲೂ ಒಂದು ಸ್ಪೀಡಿಗೆ ಬಂದಾಗ ಸ್ಟೇರಿಂಗ್ ಸಣ್ಣಗೆ ಗುಯ್‌ಗುಟ್ಟುತ್ತದೆ. ಆ ಸ್ಪೀಡು ದಾಟಿದರೆ ಹೋಗುತ್ತದೆ, ಗುಂಡಿಗೂ ಅದಕ್ಕೂ ಸಂಬಂಧವಿಲ್ಲ. ನಮ್ಮದು ಹಾಗಲ್ಲ. ಗುಂಡಿ ಬೀಳುವವರೆಗೆ ಏನೂ ಇಲ್ಲ, ಬಿದ್ದರೆ ಒಮ್ಮೆಲೇ ಶುರು, ಶುರುವಾದರೆ ಸ್ಪೀಡು ಪೂರ್ತಿ ಇಳಿಯುವವರೆಗೂ ಬಿಡುವುದಿಲ್ಲ. ತಾನೇ ತನ್ನನ್ನು ಬೆಳೆಸಿಕೊಳ್ಳುವ ನಡುಕ ಇದು. ಗಟ್ಟಿ ಆಕ್ಸಲಿನ ಗಾಡಿಯಲ್ಲಿ ಎರಡು ಗಾಲಿಗಳೂ ಒಂದೇ ದೂಲಕ್ಕೆ ಕಟ್ಟಿದ ಹಾಗೆ. ಎಡಗಾಲಿ ಅಲುಗಿದರೆ ಟೈ ರಾಡು ಅದನ್ನು ಬಲಗಾಲಿಗೆ ದಾಟಿಸುತ್ತದೆ, ಬಲಗಾಲಿ ವಾಪಸ್ ಎಡಕ್ಕೆ ಕೊಡುತ್ತದೆ. ನಡುವೆ ಎಲ್ಲಾದರೂ ಸಡಿಲ ಇದ್ದರೆ ಪ್ರತಿ ಸಲ ಹೊಡೆತ ದೊಡ್ಡದಾಗುತ್ತದೆ. ಹಾಗಾಗಿ ಇದಕ್ಕೆ ಬ್ಯಾಲೆನ್ಸಿಂಗ್ ಮದ್ದಲ್ಲ, ಸಡಿಲ ಎಲ್ಲಿದೆ ಅಂತ ಹುಡುಕಬೇಕು.

ಮೊದಲ ಪರೀಕ್ಷೆ ನಾಲ್ಕೂ ಗಾಲಿ ನೆಲದ ಮೇಲಿರುವಾಗಲೇ. ಜಾಕಿ ಹಾಕಬಾರದು, ಭಾರ ಗಾಲಿ ಮೇಲೇ ಇರಬೇಕು. ಇಂಜಿನ್ ಆಫ್. ಭಾವ ಸೀಟಿನಲ್ಲಿ ಕೂತು ಸ್ಟೇರಿಂಗನ್ನು ಎಡಕ್ಕೊಂದು ಗೇಣು, ಬಲಕ್ಕೊಂದು ಗೇಣು, ಬಿಡದೆ ಆಡಿಸುತ್ತಿದ್ದರು. ನಾನು ಗೋಣಿ ಹಾಸಿಕೊಂಡು ಕೆಳಗೆ ಮಲಗಿ ಒಂದೊಂದೇ ಕೀಲಿನ ಮೇಲೆ ಬೆರಳಿಟ್ಟು ನೋಡಿದೆ. ಬೆರಳು ಎರಡೂ ಭಾಗಕ್ಕೆ ತಾಗುವ ಹಾಗೆ ಇಡಬೇಕು, ಅರ್ಧ ಈ ಕಡೆ, ಅರ್ಧ ಆ ಕಡೆ. ಒಂದು ಭಾಗ ಹೊರಟ ಮೇಲೆ ಇನ್ನೊಂದು ತಡವಾಗಿ ಹೊರಟರೆ ಕಣ್ಣಿಗೆ ಕಾಣದಿದ್ದರೂ ಬೆರಳಿಗೆ ಗೊತ್ತಾಗುತ್ತದೆ. ಟೈ ರಾಡ್ ಎಂಡುಗಳು ಹೊಸವು, ಗಟ್ಟಿ ಇದ್ದವು. ಸ್ಟೇರಿಂಗ್ ಬಾಕ್ಸಿನಲ್ಲಿ ಸ್ವಲ್ಪ ಆಟ ಇತ್ತು, ಆ ವಯಸ್ಸಿನ ಗಾಡಿಗೆ ಇರುವಷ್ಟೇ. ಆದರೆ ಬೆಲ್ ಕ್ರ್ಯಾಂಕ್ ಇದೆಯಲ್ಲ, ಸ್ಟೇರಿಂಗ್ ಬಾಕ್ಸಿನಿಂದ ಬಂದ ರಾಡಿನ ಎಳೆತವನ್ನು ಅಡ್ಡಕ್ಕೆ ತಿರುಗಿಸಿ ಟೈ ರಾಡಿಗೆ ಕೊಡುವ ಕೀಲು, ಅದು ಮೇಲೆ ಕೆಳಗೆ ಟಕ್ ಟಕ್ ಅನ್ನುತ್ತಿತ್ತು.

ಸಿಕ್ಕಿತು ಅಂದುಕೊಂಡೆವು. ನನಗಂತೂ ಪೂರ್ತಿ ನಂಬಿಕೆ ಬಂದುಬಿಟ್ಟಿತ್ತು. ಮೇಸ್ತ್ರಿ "ಇರು, ಉಳಿದದ್ದೂ ನೋಡಾಣ" ಅಂದರೂ ನಾನು ಕೇಳದೆ ಶಿವಮೊಗ್ಗದಿಂದ ಬೆಲ್ ಕ್ರ್ಯಾಂಕ್ ಕಿಟ್ಟು ತಂದೆ. ಮುಂದಿನ ಭಾನುವಾರ ಹಾಕಿದೆವು. ಮನೆ ಹತ್ತಿರದ ರಸ್ತೆಯಲ್ಲಿ ಒಬ್ಬನೇ ಕೂತು 45ರಲ್ಲಿ ಒಂದು ಗುಂಡಿಗೆ ಬಿಟ್ಟೆ. ನಡುಗಿತು. ಮೊದಲಿಗಿಂತ ಕಡಿಮೆ, ಆದರೆ ಅದೇ ನಡುಕ. ಇದೇ ಕೇಸಿನಲ್ಲಿ ನಾನು ಮಾಡಿದ ದೊಡ್ಡ ತಪ್ಪು. ಒಂದು ಕಡೆ ಸಡಿಲ ಸಿಕ್ಕಿತು ಅಂದ ಮಾತ್ರಕ್ಕೆ ಅದೇ ಕಾರಣ ಅಂತಲ್ಲ. ಹಳೇ ಗಾಡಿಯಲ್ಲಿ ಸಡಿಲ ನಾಲ್ಕು ಕಡೆ ಇರುತ್ತದೆ.

ಈಗ ಎರಡನೇ ಪರೀಕ್ಷೆ. ನನ್ನ ಪ್ರಕಾರ ಈ ಇಡೀ ಬರಹದಲ್ಲಿ ಜಾಸ್ತಿ ಕೆಲಸಕ್ಕೆ ಬರುವ ಭಾಗ ಇದು. ಎಡಗಡೆಯ ಮುಂದಿನ ಗಾಲಿಗೆ ಆಕ್ಸಲ್ ಕೆಳಗೆ ಜಾಕಿ ಕೊಟ್ಟು, ಪಕ್ಕದಲ್ಲಿ ಮರದ ದಿಮ್ಮಿ ಆಸರೆ ಇಟ್ಟು, ಗಾಲಿ ನೆಲ ಬಿಡುವಷ್ಟು ಎತ್ತಿದೆವು. ಟಯರಿನ ಮೇಲ್ಗಡೆ ಒಂದು ಕೈ, ಕೆಳಗಡೆ ಒಂದು ಕೈ. ಮೇಲೆ ಎಳೆದು ಕೆಳಗೆ ತಳ್ಳಿದರೆ, ಟಕ್. ಎಡ ಬಲ ಹಿಡಿದು ಅಲುಗಿಸಿದರೆ ಅಷ್ಟಿಲ್ಲ.

ಈ ಟಕ್ ಎಲ್ಲಿಂದ? ಎರಡು ಕಡೆಯಿಂದ ಬರಬಹುದು. ಹಬ್ಬಿನ ವೀಲ್ ಬೇರಿಂಗ್, ಇಲ್ಲವೇ ಕಿಂಗ್ ಪಿನ್ ಬೇರಿಂಗ್. ಕೈಗೆ ಎರಡೂ ಒಂದೇ ಥರ ಗೊತ್ತಾಗುತ್ತವೆ. ಮೇಸ್ತ್ರಿ ಭಾವನಿಗೆ ಹೇಳಿದರು, "ಬ್ರೇಕ್ ಒತ್ತಿ ಹಿಡ್ಕಳಿ." ಭಾವ ಒತ್ತಿದರು. ನಾನು ಮತ್ತೆ ಅಲುಗಿಸಿದೆ. ಟಕ್ ಹಾಗೇ ಇತ್ತು. ಬ್ರೇಕ್ ಒತ್ತಿದಾಗ ಡ್ರಮ್ಮೂ ಹಿಂದಿನ ತಟ್ಟೆಯೂ ಒಂದಾಗಿ ಬಿಗಿಯುತ್ತವೆ, ಹಬ್ಬಿನ ಬೇರಿಂಗಿನ ಆಟ ಮುಚ್ಚಿಹೋಗುತ್ತದೆ. ಆಗಲೂ ಟಕ್ ಉಳಿದರೆ ಅದು ವೀಲ್ ಬೇರಿಂಗ್ ಅಲ್ಲ. ಕಿಂಗ್ ಪಿನ್. ಒಂದು ಪೈಸೆ ಖರ್ಚಿಲ್ಲದ ಪರೀಕ್ಷೆ, ನಾಲ್ಕು ತಿಂಗಳಲ್ಲಿ ಇದನ್ನು ಯಾರೂ ಮಾಡಿರಲಿಲ್ಲ.

ಟಾರ್ಚ್ ಹಿಡಿದು ನೋಡಿದೆ. ಆಕ್ಸಲ್ ತುದಿಯ ದುಂಡನೆಯ ಗುಂಡಿನ ಮೇಲೆ ನಕಲ್, ಅಂದರೆ ಗಾಲಿಯನ್ನು ಹೊತ್ತು ಅದರ ಜೊತೆ ಎಡಬಲ ತಿರುಗುವ ಭಾಗ, ಕವಚದ ಹಾಗೆ ಕೂತಿರುತ್ತದೆ. ಭಾವ ಟಯರ್ ಅಲುಗಿಸಿದಾಗಲೆಲ್ಲ ಎರಡರ ನಡುವಿನ ಸಂದು ಕೂದಲೆಳೆಯಷ್ಟು ಅಗಲವಾಗಿ ಮತ್ತೆ ಮುಚ್ಚುತ್ತಿತ್ತು. ಅಗಲವಾದಾಗೆಲ್ಲ ಸಂದಿನಿಂದ ಒಂದು ಹನಿ ಇಳಿಯುತ್ತಿತ್ತು. ಗ್ರೀಸಿನ ಬಣ್ಣವಲ್ಲ, ಹಾಲು ಜಾಸ್ತಿ ಬಿದ್ದ ಕಾಫಿಯ ಬಣ್ಣ. ಅಂದರೆ ಒಳಗೆ ನೀರು. ಮನೆ ಮುಂದಿನ ಹಳ್ಳ ಅಂದೆನಲ್ಲ, ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ದಿನಕ್ಕೆರಡು ಸಲ ಗಾಲಿಯ ಗುಂಬದವರೆಗೆ ನೀರಿನಲ್ಲಿ ಇಳಿದು ದಾಟುವ ಗಾಡಿ. ನಕಲ್ ಹಿಂದಿನ ಸೀಲು ಹರಿದು ಎಷ್ಟು ಕಾಲವಾಗಿತ್ತೋ.

ಬಿಚ್ಚಿದಾಗ ಕೆಳಗಿನ ಬೇರಿಂಗ್ ಕೈಗೆ ಪುಡಿಯಾಗಿ ಬಂತು ಅಂದರೆ ತಪ್ಪಲ್ಲ. ಹೊರಗಿನ ಬಳೆಯಲ್ಲಿ ರೋಲರುಗಳು ಕೂತ ಜಾಗದಲ್ಲೆಲ್ಲ ಗೀರುಗೀರಾಗಿ ಗುಳಿ ಬಿದ್ದಿತ್ತು, ತುಕ್ಕಿನ ಕೆಂಪು. ಉಗುರು ಎಳೆದರೆ ಪ್ರತಿ ಗುಳಿಯಲ್ಲೂ ಉಗುರು ಸಿಕ್ಕಿಕೊಳ್ಳುತ್ತಿತ್ತು. ಬಲಗಡೆ ಬಿಚ್ಚಿದೆವು, ಅದು ಅಷ್ಟು ಹಾಳಾಗಿರಲಿಲ್ಲ. ಆದರೂ ಎರಡೂ ಕಡೆ ಹೊಸದೇ ಹಾಕಿದೆವು.

ಇಲ್ಲಿಗೆ ಮುಗಿಯಿತು ಅಂತ ಭಾವ ಅಂದುಕೊಂಡಿದ್ದರು. ನನಗೆ ಒಂದು ಅನುಮಾನ ಉಳಿದಿತ್ತು. ಕಿಂಗ್ ಪಿನ್ ಸಡಿಲವಾದ ಜೀಪುಗಳು ಊರಲ್ಲಿ ಬೇಕಾದಷ್ಟು ಓಡುತ್ತವೆ, ಸ್ಟೇರಿಂಗ್ ಒಂಚೂರು ಅಲೆಯುತ್ತದೆ ಬಿಟ್ಟರೆ ಹೀಗೆ ನಡುಗುವುದಿಲ್ಲ. ಇದು ಯಾಕೆ ಇಷ್ಟು ಜೋರು?

"ಭಾವ, ಈ ಶಾಕಲ್ ಯಾವಾಗ ಹಾಕ್ಸಿದ್ದು?" ಅಂತ ಕೇಳಿದೆ. ಪ್ಲೇಟಿನ ಮುಂದಿನ ತುದಿಯನ್ನು ಚಾಸಿಗೆ ನೇತುಹಾಕುವ ಶಾಕಲ್ ಪಟ್ಟಿಗಳು ಕಂಪನಿಯವಲ್ಲ, ಉದ್ದದವು. ಎರಡು ವರ್ಷದ ಹಿಂದೆ ಗೊಬ್ಬರ ಹೊತ್ತು ಹೊತ್ತು ಮುಂದಿನ ಪ್ಲೇಟು ಕೂತುಹೋಗಿತ್ತಂತೆ. ಆಗ ಒಂದು ಗ್ಯಾರೇಜಿನಲ್ಲಿ ಗಾಡಿ ಎತ್ತರಕ್ಕೆ ನಿಲ್ಲಲಿ ಅಂತ ಉದ್ದ ಶಾಕಲ್ ಹಾಕಿ, ಮೇಲೊಂದು ಪ್ಲೇಟು ಸೇರಿಸಿ ಕಳಿಸಿದ್ದರು.

ಇಲ್ಲಿ ಕ್ಯಾಸ್ಟರ್ ವಿಷಯ ಹೇಳಲೇಬೇಕು. ಸೈಕಲ್ ಕೈ ಬಿಟ್ಟು ಓಡಿಸಿದ್ದೀರಲ್ವಾ? ಮುಂದಿನ ಫೋರ್ಕು ನೆಟ್ಟಗಿರದೆ ಓರೆಯಾಗಿ, ಅದರ ಮೇಲ್ತುದಿ ಸವಾರನ ಕಡೆ ವಾಲಿರುತ್ತದೆ. ಅದಕ್ಕೇ ಗಾಲಿ ತಾನಾಗಿ ನೇರಕ್ಕೆ ಬರುತ್ತದೆ. ಜೀಪಿನ ಕಿಂಗ್ ಪಿನ್ನೂ ಹಾಗೇ, ಮೇಲ್ತುದಿ ಸ್ವಲ್ಪ ಹಿಂದಕ್ಕೆ ವಾಲಿರಬೇಕು. ಹಳೇ ವಿಲ್ಲಿಸ್ ಜೀಪುಗಳ ಲೆಕ್ಕದಲ್ಲಿ 3 ಡಿಗ್ರಿ. ಈ ವಾಲಿಕೆಯೇ ಕ್ಯಾಸ್ಟರ್. ಇದು ಕಡಿಮೆಯಾದರೆ ಗಾಲಿಗೆ ನೇರ ಯಾವುದು ಅಂತ ಗೊತ್ತಾಗುವುದಿಲ್ಲ, ಸಣ್ಣ ಹೊಡೆತಕ್ಕೂ ಅಲೆಯಲು ಶುರುವಾಗುತ್ತದೆ. ಶಾಕಲ್ ಮುಂದಿನ ತುದಿಯಲ್ಲಿರುವ ಗಾಡಿಗೆ ಉದ್ದ ಶಾಕಲ್ ಹಾಕಿದರೆ ಪ್ಲೇಟಿನ ಮುಂದಿನ ತುದಿ ಚಾಸಿಯಿಂದ ಕೆಳಗೆ ಜಗ್ಗುತ್ತದೆ, ಪ್ಲೇಟಿನ ಜೊತೆ ಆಕ್ಸಲ್ಲೂ ಮುಂದಕ್ಕೆ ಮುಗ್ಗರಿಸುತ್ತದೆ, ಕ್ಯಾಸ್ಟರ್ ಹೋಗುತ್ತದೆ.

ಅಳೆದೆವು. ಗಾರೆ ಕೆಲಸದವರ ಹಾಗೆ ಪಾರದರ್ಶಕ ಪೈಪಿನಲ್ಲಿ ನೀರು ತುಂಬಿ ಮೊದಲು ಅಂಗಳದ ಮಟ್ಟ ನೋಡಿಕೊಂಡು, ಮಟ್ಟ ಇರುವ ಕಡೆ ಗಾಡಿ ನಿಲ್ಲಿಸಿದೆವು. ನಕಲ್ ಮೇಲಿನ ಮುಚ್ಚಳದ ನುಣುಪಾದ ಮುಖವನ್ನು ಒರೆಸಿ, ಕೋನ ತೋರಿಸುವ ಆ್ಯಪ್ ಹಾಕಿದ ಮೊಬೈಲನ್ನು ಹಿಂದು ಮುಂದಾಗಿ ಇಟ್ಟು ನೋಡಿದೆವು. ಮೊಬೈಲು ಅಷ್ಟು ಕರಾರುವಾಕ್ಕಲ್ಲ, ಹಾಗಾಗಿ ತಿರುಗಿಸಿಟ್ಟು ಎರಡು ಸಲ ಅಳೆದೆವು. ಎರಡೂ ಕಡೆ ಅರ್ಧ ಡಿಗ್ರಿ ಆಸುಪಾಸು. ಬೇಕಿದ್ದದ್ದು 3.

ಆಗ ಇಡೀ ಕಥೆ ಒಂದಕ್ಕೊಂದು ಕೂಡಿಕೊಂಡಿತು. ಎರಡು ವರ್ಷದ ಹಿಂದೆ ಕ್ಯಾಸ್ಟರ್ ಹೋಯಿತು. ಆಗ ಕಿಂಗ್ ಪಿನ್ ಗಟ್ಟಿ ಇತ್ತು, ಹಾಗಾಗಿ ಸ್ಟೇರಿಂಗ್ ತಿರುಗಿಸಿದ ಮೇಲೆ ತಾನಾಗಿ ವಾಪಸ್ ಬರುವುದಿಲ್ಲ ಅನ್ನುವುದು ಬಿಟ್ಟರೆ ಏನೂ ಗೊತ್ತಾಗಲಿಲ್ಲ. ಸ್ಟೇರಿಂಗ್ ಹಗುರ ಆಗಿದೆ ಅಂತ ಭಾವ ಖುಷಿಯನ್ನೇ ಪಟ್ಟಿದ್ದರು. ಮಳೆಗಾಲದ ನೀರು ಬೇರಿಂಗನ್ನು ತಿಂದ ಮೇಲೆ ನಡುಕ ಹೊರಗೆ ಬಂತು. ಹೊಸ ಟಯರು, ಹೊಸ ಎಂಡು, ಡ್ಯಾಂಪರ್, ಪ್ರತಿಯೊಂದೂ ಸ್ವಲ್ಪ ಸ್ವಲ್ಪ ದಿನ ಅದನ್ನು ಹಿಡಿದಿಟ್ಟವು. ಟಯರಿನ ಗಾಳಿಯೂ ಒಂದು ಕೈ ಹಾಕಿತ್ತು. ಯಾರೋ 40 ತುಂಬಿಸಿದ್ದರು, ಅಷ್ಟು ಹಗುರದ ಗಾಡಿಗೆ ಅದು ತೀರಾ ಜಾಸ್ತಿ. ಕಲ್ಲಿನ ಹಾಗಾದ ಟಯರು ಗುಂಡಿಯ ಹೊಡೆತವನ್ನು ಹಾಗೇ ಮೇಲಕ್ಕೆ ಕಳಿಸುತ್ತದೆ.

ರಿಪೇರಿ ಬಗ್ಗೆ. ಕಿಂಗ್ ಪಿನ್ ಬೇರಿಂಗ್ ಹಾಕುವಾಗ ಬಿಗಿ ಎಷ್ಟಿರಬೇಕು ಅನ್ನುವುದೇ ಮುಖ್ಯ, ಅದನ್ನು ತೀರ್ಮಾನಿಸುವುದು ಮುಚ್ಚಳದ ಕೆಳಗಿನ ಶಿಮ್‌ಗಳು, ಅಂದರೆ ತೆಳು ತಗಡಿನ ಬಿಲ್ಲೆಗಳು. ಶಿಮ್ ತೆಗೆದರೆ ಬಿಗಿ, ಸೇರಿಸಿದರೆ ಸಡಿಲ. ಮೇಲೂ ಕೆಳಗೂ ಸಮನಾಗಿ ತೆಗೆಯಬೇಕು, ಇಲ್ಲದಿದ್ದರೆ ನಕಲ್ ನಡುವಿನಿಂದ ಜರುಗುತ್ತದೆ. ಸೀಲು ಹಾಕುವ ಮುಂಚೆ, ಟೈ ರಾಡ್ ಬಿಚ್ಚಿ, ಟೈ ರಾಡಿನ ತೂತಿಗೆ ಕೋಳಿ ತೂಗುವ ಕೊಕ್ಕೆ ತಕ್ಕಡಿ ಸಿಕ್ಕಿಸಿ ಎಳೆದು ನೋಡಿದೆವು. ನಕಲ್ ಸಲೀಸಾಗಿ ತಿರುಗುತ್ತಿರಬೇಕು, ಆದರೆ ತಕ್ಕಡಿಯ ಮುಳ್ಳು ಒಂದೇ ಕಡೆ ನಿಂತು ಭಾರ ತೋರಿಸುತ್ತಲೂ ಇರಬೇಕು. ಎಳೆತ ಎಷ್ಟಿರಬೇಕು ಅನ್ನುವುದಕ್ಕೆ ಗಾಡಿಯ ಮ್ಯಾನುಯಲ್‌ನಲ್ಲೇ ಲೆಕ್ಕ ಇರುತ್ತದೆ, ಅದನ್ನೇ ನೋಡಿ ಮಾಡಿ. ಮೊದಲ ಸಲ ನಮ್ಮದು ತೀರಾ ಬಿಗಿಯಾಯಿತು, ಕೈಯಲ್ಲಿ ತಳ್ಳಿದರೆ ನಕಲ್ ಅಲ್ಲೇ ನಿಲ್ಲುತ್ತಿತ್ತು. ಮೇಲೊಂದು ಕೆಳಗೊಂದು ತೆಳು ಶಿಮ್ ಸೇರಿಸಿದ ಮೇಲೆ ಸರಿಯಾಯಿತು. ಈ ಒಂದು ಕೆಲಸಕ್ಕೇ ಅರ್ಧ ದಿನ ಹೋಯಿತು, ಹೋಗಲೇಬೇಕು.

ಕ್ಯಾಸ್ಟರ್ ವಾಪಸ್ ತರಲು ಎರಡು ದಾರಿ ಇತ್ತು. ಪ್ಲೇಟಿಗೂ ಆಕ್ಸಲಿಗೂ ನಡುವೆ ಓರೆ ಪಟ್ಟಿ, ಅಂದರೆ ವೆಡ್ಜ್ ಹಾಕುವುದು ಒಂದು. ನಮ್ಮ ಗಾಡಿಯಲ್ಲಿ ಪ್ಲೇಟು ಆಕ್ಸಲಿನ ಕೆಳಗಿದೆ, ಹಾಗಾಗಿ ದಪ್ಪ ತುದಿ ಮುಂದಕ್ಕೆ ಬರಬೇಕು. ತಿರುಗಾಮುರುಗಾ ಹಾಕಿದರೆ ಇದ್ದದ್ದೂ ಹೋಗುತ್ತದೆ. ಆದರೆ ಫೋರ್ ವೀಲ್ ಗಾಡಿಯಲ್ಲಿ ಆಕ್ಸಲ್ ಹಿಂದಕ್ಕೆ ವಾಲಿದಷ್ಟೂ ಮುಂದಿನ ಡಿಫರೆನ್ಷಿಯಲ್ ಮೂತಿ ನೆಲದ ಕಡೆ ಬಗ್ಗುತ್ತದೆ, ಪ್ರೊಪೆಲ್ಲರ್ ಶಾಫ್ಟಿನ ಜಾಯಿಂಟಿಗೆ ಕೋನ ಜಾಸ್ತಿಯಾಗಿ ಅದು ಬೇಗ ಸವೆಯುತ್ತದೆ. ತಪ್ಪು ಶಾಕಲ್ಲನ್ನು ಹಾಗೇ ಬಿಟ್ಟು ಅದರ ಮೇಲೆ ವೆಡ್ಜ್ ಕೂರಿಸಲು ನನಗೆ ಮನಸ್ಸಾಗಲಿಲ್ಲ. ಎರಡನೇ ದಾರಿ ಹಿಡಿದೆವು. ಉದ್ದ ಶಾಕಲ್ ಕಿತ್ತು ಮೊದಲಿನ ಅಳತೆಯದು ಹಾಕಿದೆವು, ಸೇರಿಸಿದ್ದ ಪ್ಲೇಟು ತೆಗೆದೆವು, ಕೂತುಹೋಗಿದ್ದ ಪ್ಲೇಟುಗಳಿಗೆ ಪ್ಲೇಟ್ ಕೆಲಸದವರ ಹತ್ತಿರ ಬಾಗು ಹೊಡೆಸಿಕೊಂಡು ಬಂದೆವು. ಬುಷ್ ಹೊಸದು. ಯು ಬೋಲ್ಟುಗಳಲ್ಲಿ ಎರಡು ಅರ್ಧ ಸುತ್ತು ತಿರುಗಿದವು, ಅವನ್ನೂ ಬಿಗಿ ಮಾಡಿದೆವು. ಮತ್ತೆ ಅಳೆದಾಗ ಎರಡೂ ಕಡೆ ಎರಡೂವರೆ ಡಿಗ್ರಿ. ಸಾಕು.

ಕೊನೆಗೆ ಟೋ, ಅಂದರೆ ಮುಂದಿನ ಎರಡು ಗಾಲಿಗಳು ಮುಂದುಗಡೆ ಎಷ್ಟು ಒಳಕ್ಕೆ ಮುಖ ಮಾಡಿವೆ ಅನ್ನುವುದು. ಗಾಲಿ ಎತ್ತಿ ತಿರುಗಿಸುತ್ತಾ ಟಯರಿನ ನಡುವೆ ಸೀಮೆಸುಣ್ಣ ಬಳಿದು, ಮೊಳೆ ಹಿಡಿದು ಸಣ್ಣ ಗೆರೆ ಎಳೆದೆವು. ಗಾಡಿ ಇಳಿಸಿ, ಸ್ವಲ್ಪ ಮುಂದೆ ತಳ್ಳಿ, ಹಬ್ಬಿನ ಎತ್ತರದಲ್ಲಿ ಗೆರೆಯಿಂದ ಗೆರೆಗೆ ಮುಂದೆಯೂ ಹಿಂದೆಯೂ ಟೇಪು ಹಿಡಿದೆವು. ಹಿಂದಿಗಿಂತ ಮುಂದೆ 2 ಮಿಲಿಮೀಟರ್ ಕಡಿಮೆ ಬರುವ ಹಾಗೆ ಟೈ ರಾಡ್ ತಿರುಗಿಸಿ ಲಾಕ್ ಮಾಡಿದೆವು. ಟಯರ್ ಗಾಳಿ 26ಕ್ಕೆ ಇಳಿಸಿದೆವು.

ಡ್ಯಾಂಪರ್ ಹಾಕದೆಯೇ ಮಂಡಗದ್ದೆಗೆ ಹೋದೆವು. ಹಿಂದೆ ಯಾರನ್ನೂ ಕೂರಿಸಲಿಲ್ಲ. ಹೆಬ್ಬೆರಳು ಸ್ಟೇರಿಂಗ್ ಕಡ್ಡಿಗಳ ಒಳಗೆ ಇಡಬೇಡಿ ಅಂತ ಭಾವನಿಗೆ ಮೊದಲೇ ಹೇಳಿದ್ದೆ, ಸ್ಟೇರಿಂಗ್ ಹೊಡೆದುಕೊಂಡರೆ ಬೆರಳು ಮುರಿಯುತ್ತದೆ. ನಡುಕ ಬಂದರೆ ಬ್ರೇಕ್ ಬೇಡ, ಹಿಡಿತ ಬಿಡದೆ ಆಕ್ಸಿಲರೇಟರ್ ಮಾತ್ರ ಬಿಡಿ ಅಂತಲೂ. ಅದೇ ಮೋರಿ, ಮೊದಲು 35ರಲ್ಲಿ, ಆಮೇಲೆ 45, ಆಮೇಲೆ 55. ಎಡಗಾಲಿ ಧಡ್ ಅಂತ ಬಿದ್ದು ಎದ್ದಿತು. ಸ್ಟೇರಿಂಗ್ ಒಂದು ಸಲ ಎಡಕ್ಕೆ ತುಯ್ದು ತಾನೇ ನೇರಕ್ಕೆ ಬಂತು. ಭಾವ ಏನೂ ಮಾತಾಡಲಿಲ್ಲ, ಮುಂದೆ ಹೋಗಿ ಗಾಡಿ ತಿರುಗಿಸಿಕೊಂಡು ಬಂದು ಇನ್ನೊಂದು ಸಲ ಅದೇ ಗುಂಡಿಗೆ ಬಿಟ್ಟರು.

ಈಗ ಎಂಟು ತಿಂಗಳಾಯಿತು, ಒಂದು ಸಲವೂ ನಡುಗಿಲ್ಲ. ಸ್ಟೇರಿಂಗ್ ಮೊದಲಿಗಿಂತ ಸ್ವಲ್ಪ ಭಾರ, ಕ್ಯಾಸ್ಟರ್ ವಾಪಸ್ ಬಂದಿದ್ದಕ್ಕೆ ಅದು ಸಹಜ. ಬಾಕ್ಸಿನ ಆಟ ಹಾಗೇ ಇದೆ, ಅದನ್ನು ಮುಟ್ಟಿಲ್ಲ. ಬಲಗಡೆ ನಕಲ್ ಸೀಲಿನ ಹತ್ತಿರ ಮೊನ್ನೆ ಮತ್ತೆ ಸ್ವಲ್ಪ ಜಿಡ್ಡು ಕಂಡಿತು. ಬೆರಳಲ್ಲಿ ಒರೆಸಿ ನೋಡಿದೆ, ಕಪ್ಪಗಿತ್ತು, ಕಾಫಿ ಬಣ್ಣ ಇರಲಿಲ್ಲ. ಈ ಮಳೆಗಾಲ ಹಳ್ಳ ದಾಟಿ ಮುಗಿದ ಮೇಲೆ ಅದನ್ನು ಬಿಚ್ಚುವುದು ಅಂತ ಮಾತಾಗಿದೆ.